ವಾಲುವ ಕಾರಿಗೆ ವಿಭೂತಿ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಕಾಯಿಲೆಗಿಂತ ಹೆಚ್ಚು ತ್ರಾಸು ಕೊಡುವವರು ಅವರನ್ನು ನೋಡಲು ಬರುವ ಜನ. ಈ ಮಾತನ್ನು ಬಾಯಿಬಿಟ್ಟು ಹೇಳಿದರೆ ನಾಳೆಯಿಂದ ನಮ್ಮ ಮನೆ ಹೊಸ್ತಿಲು ಯಾರೂ ತುಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ಮೇಲೆ ಬಂದವರೆಲ್ಲ ಒಂದು ಕೈಯಲ್ಲಿ ಬಾಳೆಹಣ್ಣು, ಬಾಯಲ್ಲಿ ಯಾರೋ ಸತ್ತ ಕಥೆ ಹಿಡಿದುಕೊಂಡೇ ಬಂದರು. ಬುಕ್ಕಸಾಗರದ ನಮ್ಮ ಬೀಗರು ಕುರ್ಚಿ ಎಳೆದುಕೊಂಡು ಮಂಚದ ಪಕ್ಕದಲ್ಲೇ ಕೂತು, "ನಮ್ಮ ಕಾಕಾಗೂ ಹಿಂಗ ಆಗಿತ್ರಿ. ಇದೇ ಕೈ, ಇದೇ ಕಾಲು" ಎಂದರು. "ಈಗ ಹೆಂಗದಾರ್ರಿ?" ಎಂದು ನಾನು ಆಸೆಯಿಂದ ಕೇಳಿದೆ. "ಈಗೆಲ್ಲದಾರ್ರಿ ಅಕ್ಕಾರ, ಮಣ್ಣು ಮಾಡಿ ಬಂದ್ವಿ" ಎಂದು ಹೇಳಿ ಚಹಾ ಹೀರಿದರು. ಮಲಗಿದ್ದ ನಮ್ಮವರು ಗೋಡೆಯ ಕಡೆ ಮುಖ ತಿರುಗಿಸಿದರು. ತಿರುಗಿಸಿದರು ಎಂದು ಬರೆಯುವುದು ಸುಲಭ. ತಲೆ ತಿರುಗಿತು, ಮೈ ತಿರುಗಲಿಲ್ಲ. ಕೊನೆಗೆ ನಾನೇ ಎದ್ದು ಹೋಗಿ ಉಳಿದದ್ದನ್ನು ತಿರುಗಿಸಿದೆ.

ನಮ್ಮವರೆಂದರೆ ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ನಡೆಸಿದವರು. ಭತ್ತದ ಚೀಲ ಹೊತ್ತವರನ್ನೂ ಭತ್ತ ತಂದ ರೈತರನ್ನೂ ಮನೆಯಲ್ಲಿ ನನ್ನನ್ನೂ ಒಂದೇ ದನಿಯಲ್ಲಿ ಬೈದವರು. ಯಾರ ಹೆಗಲ ಮೇಲೂ ಕೈಯಿಟ್ಟು ಎದ್ದವರಲ್ಲ. ಮದುವೆಯಾದ ಹೊಸದರಲ್ಲಿ ಹಂಪಿಗೆ ಹೋದಾಗ ಬಂಡೆ ಹತ್ತಲು ನಾನು ಕೈ ಚಾಚಿದರೆ, "ನಾ ಏನ್ ಮುದುಕನೇನು?" ಎಂದು ತಾವೇ ಹತ್ತಿ, ನನ್ನನ್ನು ಕೆಳಗೇ ಬಿಟ್ಟು, ಮೇಲೆ ನಿಂತು ಊರು ನೋಡಿದವರು. ಈಗ ಮಿಲ್ಲು ಬೇರೆಯವರ ಕೈಯಲ್ಲಿದೆ. ನಾವಿಬ್ಬರೂ ಸಂಡೂರಿನಲ್ಲಿ ಮಗಳ ಮನೆಯಲ್ಲಿದ್ದೇವೆ. ಮಗಳ ಮಗಳು ಶೈಲಾ ಗಣಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಕಾರು ಓಡಿಸುತ್ತಾಳೆ, ನನಗೆ ಫೋನಿನಲ್ಲಿ ಕನ್ನಡ ಟೈಪು ಮಾಡುವುದನ್ನೂ ಅವಳೇ ಕಲಿಸಿದ್ದು. ಒಂದೇ ಬೆರಳಿನಲ್ಲಿ ಹೊಡೆಯುತ್ತೇನೆ. ನಮ್ಮ ಮನೆಯಲ್ಲಿ ಕೆಲಸ ಮಾಡುವ ಬೆರಳುಗಳು ಮೊದಲೇ ಕಡಿಮೆ, ಹೆಚ್ಚು ಖರ್ಚು ಮಾಡುವಂತಿಲ್ಲ.

ಲಕ್ವಾ ಹೊಡೆದ ಕೈ ಸುಮ್ಮನೆ ಬಿದ್ದಿರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅದು ದಿನದಿನಕ್ಕೆ ಮುದುಡುತ್ತದೆ. ಬೆರಳುಗಳು ಒಳಗೆ ಮಡಚಿ, ಮುಷ್ಟಿ ಬಿಗಿಯಾಗಿ, ಉಗುರು ಅಂಗೈಗೇ ಚುಚ್ಚುತ್ತದೆ. ಒಂದೊಂದೇ ಬೆರಳನ್ನು ಬಿಡಿಸಿ ಒಳಗಿನ ಬೆವರು ಒರೆಸಬೇಕು, ಉಗುರು ಕತ್ತರಿಸಬೇಕು, ಇಲ್ಲವಾದರೆ ವಾಸನೆ ಬರುತ್ತದೆ. ಬೆರಳು ಬಿಡಿಸುವಾಗ ಅವರು ನನ್ನ ಮುಖ ನೋಡುವುದಿಲ್ಲ, ಫ್ಯಾನು ನೋಡುತ್ತಾರೆ. ಹೊಸಪೇಟೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಬ್ಬಳಿದ್ದಾಳೆ. ವಾರದಲ್ಲಿ ಎರಡು ಮೂರು ಸಲ ಕರೆದುಕೊಂಡು ಹೋಗುತ್ತಿದ್ದೆವು. ಅವಳು ಮೊದಲ ದಿನವೇ ಖಂಡಿತವಾಗಿ ಹೇಳಿದ್ದಳು: "ಅಮ್ಮಾ, ಬಿಡದಂಗ ಕರಕೊಂಡ ಬರ್ರಿ. ಬಿಟ್ರ ಈ ಕೈ ಹಿಂಗ ಮುದುಡಿಕೊಂಡು ನಿಂತಬಿಡತೈತಿ. ಆಮ್ಯಾಲೆ ನಾ ಏನ್ ಮಾಡಿದ್ರೂ ಬಿಚ್ಚಂಗಿಲ್ಲ." ಕೈ ಮೊದಲಿನಂತೆ ಆಗುತ್ತದೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಭಯ.

ಡಾಕ್ಟರಮ್ಮನ ತನಕ ತಲುಪುವುದೇ ದೊಡ್ಡ ಪಂಚಾಯಿತಿ. ಸಂಡೂರಿನಿಂದ ಹೊಸಪೇಟೆಗೆ ಹೋಗುವ ದಾರಿ ಗುಡ್ಡದ ದಾರಿ. ತಿರುವು ಮುಗಿಯುವುದರೊಳಗೆ ಇನ್ನೊಂದು ತಿರುವು. ಎದುರಿಗೆ ಅದಿರು ತುಂಬಿದ ಲಾರಿ, ಹಿಂದೆ ಅದಿರು ತುಂಬಿದ ಲಾರಿ, ನಡುವೆ ಕೆಂಪು ಧೂಳು, ಆ ಧೂಳಿನ ನಡುವೆ ನಾವು. ಶೈಲಾಳ ಕಾರಾದರೂ ಎಂಥದು? ಒಳಗೆ ತಲೆ ಬಗ್ಗಿಸದೆ ಕೂರಬಹುದು ಎಂದು ಹೊಗಳಿ ತಂದದ್ದು. ನಿಲ್ಲಿಸಿದ ಬೀರುವಿನಂತೆ ಅಗಲ ಕಡಿಮೆ, ಎತ್ತರ ಹೆಚ್ಚು. ನೇರ ರಸ್ತೆಯಲ್ಲಿ ಬಂಗಾರ. ತಿರುವು ಬಂತೋ, ಕಾರು ಒಂದು ಕಡೆಗೆ ಓಲುತ್ತದೆ, ಒಳಗಿನವರು ಅದಕ್ಕಿಂತ ಒಂದು ಗೇಣು ಹೆಚ್ಚೇ ಓಲುತ್ತಾರೆ. ಗಟ್ಟಿ ಇದ್ದವರು ಕಾಲೂರಿ, ಕೈಹಿಡಿದು ಸಂಭಾಳಿಸಿಕೊಳ್ಳುತ್ತಾರೆ. ಅರ್ಧ ಮೈ ಬಿದ್ದವರು ಏನು ಮಾಡಬೇಕು? ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂರಿಸಿದೆವು. ತಲೆ ಹೋಗಿ ಕಿಟಕಿಯ ಗಾಜಿಗೆ ಬಡಿಯಿತು. ಹಿಂದೆ ಕೂರಿಸಿ ಎರಡೂ ಕಡೆ ದಿಂಬು ಇಟ್ಟೆವು. "ನಾನೇನ್ ಗಣಪತಿಯೇನು, ಮೆರವಣಿಗಿ ಒಯ್ಯಾಕ?" ಎಂದು ಬಲಗೈಯಿಂದ ದಿಂಬು ಎಸೆದರು. ಕೊನೆಗೆ ಅವರನ್ನು ಬಲಗಡೆ ಕೂರಿಸಿ, ಅವರ ಎಡಕ್ಕೆ ನಾನೇ ದಿಂಬಿನಂತೆ ಕೂತೆ. ನನ್ನನ್ನು ಎಸೆಯಲು ಅವರಿಗೆ ಶಕ್ತಿ ಇರಲಿಲ್ಲ.

ಹೀಗೇ ನಡೆಯುತ್ತಿತ್ತು. ಒಂದು ದಿನ ಗುಡ್ಡದ ತಿರುವಿನಲ್ಲಿ ಲಾರಿಯೊಂದು ಮೈಮೇಲೆ ಬಂದಂತೆ ಬಂತು, ಶೈಲಾ ಸ್ಟೇರಿಂಗ್ ಜೋರಾಗಿ ತಿರುಗಿಸಿದಳು, ಕಾರು ಓಲಿತು, ನಮ್ಮವರು ಪೂರ್ತಿ ನನ್ನ ಮಡಿಲಿಗೆ ಬಿದ್ದರು. ಬಿದ್ದವರಿಗೆ ಏಳಲಾಗಲಿಲ್ಲ. ಎಬ್ಬಿಸಲು ನನ್ನಿಂದಲೂ ಆಗಲಿಲ್ಲ. ಬಾಯಿಂದ ಜೊಲ್ಲು ಇಳಿದು ನನ್ನ ಸೀರೆ ನೆನೆಯಿತು. ಶೈಲಾ ಚಹಾ ಅಂಗಡಿಯೊಂದರ ಮುಂದೆ ನಿಲ್ಲಿಸಿ ಕೂಗಿದಳು. ಅಲ್ಲಿದ್ದವರು ಓಡಿ ಬಂದು ಬಗಲಿಗೆ ಕೈಹಾಕಿ ಎತ್ತಿ ಕೂರಿಸಿದರು. ಅವರಲ್ಲಿ ಒಬ್ಬ ಬಗ್ಗಿ ಮುಖ ನೋಡಿ, "ಅಯ್ಯ, ಕಂಪ್ಲಿ ಮಿಲ್ಲಿನ ಸಾವ್ಕಾರ್ರು ಅಲ್ಲೇನ್ರಿ ಇವ್ರು? ಏನ್ ಆಳು, ಏನ್ ಆಗಿ ಹೋದ್ರಲೇ!" ಎಂದ. ಪಾಪ, ಅವನು ಕೆಟ್ಟವನಲ್ಲ. ಸೆರಗಿನಿಂದ ನಾನು ಅವರ ಬಾಯಿ ಒರೆಸುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡರು. ಮನೆಗೆ ಬಂದ ಮೇಲೆ ಒಂದೇ ಮಾತು: "ಒಲ್ಲೆ. ಇನ್ನ ಆ ಡಬ್ಬ್ಯಾಗ ನಾ ಕುಂದ್ರಂಗಿಲ್ಲ." ಲಕ್ವಾ ಹೊಡೆದ ಬಾಯಲ್ಲಿ ಮಾತು ತುಂಡುತುಂಡಾಗಿ ಬರುತ್ತದೆ. ಓದುವವರಿಗೆ ತೊಂದರೆಯಾಗದಿರಲೆಂದು ನಾನು ಕೂಡಿಸಿ ಬರೆಯುತ್ತಿದ್ದೇನೆ. ಆ ಮಾತನ್ನು ಮಾತ್ರ ಕೂಡಿಸುವ ಕೆಲಸವಿರಲಿಲ್ಲ. ಇಡಿಯಾಗಿಯೇ ಬಂದಿತ್ತು.

ಆಮೇಲೆ ನಾವು ಮಾಡದ ಉಪಾಯವಿಲ್ಲ. ಮಗಳು ಅತ್ತಳು. ಅಳಿಯ ಬುದ್ಧಿ ಹೇಳಿದ. ನಾನು ಬೈದೆ, ಬೇಡಿಕೊಂಡೆ, ಎರಡು ಹೊತ್ತು ಊಟ ಬಿಟ್ಟೆ. ಮೂರನೆಯ ಹೊತ್ತಿಗೆ ನನಗೇ ತಲೆ ಸುತ್ತಿತು, ತಿಂದೆ. ಅವರು ಮಾತ್ರ ಫ್ಯಾನು ನೋಡುತ್ತಾ ಮಲಗಿದರು. ಡಾಕ್ಟರಮ್ಮ ಹೇಳಿಕೊಟ್ಟಿದ್ದನ್ನು ನಾನೇ ಮಾಡಿಸಲು ಹೋದರೆ ಬಲಗೈಯಿಂದ ನನ್ನ ಕೈ ತಳ್ಳುತ್ತಿದ್ದರು. ಮುಷ್ಟಿ ದಿನಕ್ಕಿಷ್ಟು ಬಿಗಿಯುತ್ತಾ ಹೋಯಿತು. ಮೊದಲು ಸುಲಭವಾಗಿ ಬಿಚ್ಚುತ್ತಿದ್ದ ಕಿರುಬೆರಳು, ಆಮೇಲೆ ಎಣ್ಣೆ ಹಚ್ಚಿ ಎಳೆದರೂ ಬಿಚ್ಚಲಿಲ್ಲ. ಒಳಗೆ ಉಗುರು ಬೆಳೆಯುತ್ತಿತ್ತು. ಅದರ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಯಾರಾದರೂ ನೋಡಲು ಬಂದರೆ ಆ ಕೈಯ ಮೇಲೆ ಟವಲು ಹಾಕಿಬಿಡುತ್ತಿದ್ದೆ.

ಆಗ ಶೈಲಾ ಒಂದು ದಿನ ಆಫೀಸಿನಿಂದ ಬಂದವಳೇ ನನ್ನ ಮುಂದೆ ಫೋನು ಹಿಡಿದಳು. "ಅಜ್ಜಿ, ತಾತಂದು ತಪ್ಪಿಲ್ಲ, ಕಾರಿಂದು ತಪ್ಪು. ಇದನ್ನ ನೋಡು, ಸ್ವೇ ಬಾರ್ ಅಂತ. ನಮ್ಮ ಗಾಡಿಗೆ ಹಿಂದ ಇದು ಇಲ್ಲ. ಹೊರಗಿಂದ ತರಸಿ ಹಾಕ್ಸಿದ್ರ ತಿರುವಿನ್ಯಾಗ ಗಾಡಿ ವಾಲಂಗಿಲ್ಲ." ಚಿತ್ರದಲ್ಲಿ ಇದ್ದದ್ದು ಒಂದು ಕಬ್ಬಿಣದ ಸರಳು. ಬಕೆಟ್ಟಿನ ಹಿಡಿಕೆಯನ್ನು ಯಾವನೋ ಪೈಲ್ವಾನ ಎರಡೂ ಕಡೆ ಹಿಡಿದು ಹಿಗ್ಗಿಸಿದಂತೆ ಇತ್ತು. ಇದೇನು ಮಾಡುತ್ತದೆ ಎಂದು ಕೇಳಿದರೆ, ಹಿಂದಿನ ಎರಡು ಚಕ್ರಗಳನ್ನು ಒಂದಕ್ಕೊಂದು ಕೂಡಿಸುತ್ತದಂತೆ. ಗಾಡಿ ಒಂದು ಕಡೆ ಕುಸಿದರೆ ಸರಳು ತಿರುಚಿಕೊಂಡು, ಇನ್ನೊಂದು ಕಡೆಯನ್ನೂ ತನ್ನ ಜತೆ ಕೆಳಗೆ ಎಳೆದು, ಓಲಲು ಬಿಡುವುದಿಲ್ಲವಂತೆ. ಎತ್ತುಗಳ ಹೆಗಲಿಗೆ ನೊಗ ಹಾಕುವುದನ್ನು ನೋಡಿದ ನನಗೆ ಇಷ್ಟು ಅರ್ಥವಾಗಲು ತಡವಾಗಲಿಲ್ಲ. ನಮ್ಮ ಊರಲ್ಲಿ ಇದನ್ನು ಎಲ್ಲರೂ ರಾಡು ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. "ತರಸವ್ವಾ" ಎಂದೆ. ಮನುಷ್ಯನ ಮೈಗೆ ಇಂಥ ರಾಡು ಹಾಕುವವರು ಯಾರಾದರೂ ಇದ್ದಾರೆಯೇ ಎಂದು ಫೋನಿನಲ್ಲಿ ನೋಡಲು ಹೇಳುವವಳಿದ್ದೆ, ಅವಳ ಮುಖದಲ್ಲಿ ಆಸೆ ಕಂಡು ಸುಮ್ಮನಾದೆ.

ರಾಡು ಬಂತು. ಅದನ್ನು ಹಾಕುವವನು ಕಡ್ಡಿರಾಂಪುರದ ರಸ್ತೆ ಪಕ್ಕ ಷೆಡ್ಡು ಇಟ್ಟಿರುವ ಹುಲುಗಪ್ಪ. ಹಂಪಿ ನೋಡಲು ಬಂದವರ ಗಾಡಿ ಕೆಟ್ಟರೆ ಅವನೇ ಗತಿ. ಅದಕ್ಕೇ ಅವನಿಗೆ ವಿಪರೀತ ಹಮ್ಮು. ಯಜಮಾನರನ್ನು ಮಗಳ ಹತ್ತಿರ ಬಿಟ್ಟು ನಾನೂ ಶೈಲಾಳ ಜತೆ ಹೋದೆ. "ಇಂಥ ರಾಡ್ ಮೊದ್ಲ ಹಾಕಿಯೇನಪ್ಪ?" ಎಂದು ಕೇಳಿದೆ. ಹುಲುಗಪ್ಪ ನಕ್ಕ. "ಏನ್ ಕೇಳ್ತೀರಿ ಅಮ್ಮಾರ, ಇಂಥಾವು ಹಾಕೀ ಹಾಕೀ ಬ್ಯಾಸರಾಗೈತಿ. ಕಣ್ಣು ಮುಚ್ಚಿ ಹಾಕ್ತೀನಿ, ಕುಂದ್ರಿ" ಎಂದು ನನಗೆ ಒಂದು ಹಳೆಯ ಟೈರು ತೋರಿಸಿದ. ಆಮೇಲೆ ಕಾರಿನ ಹಿಂಭಾಗವನ್ನು ಜಾಕ್ ಹಚ್ಚಿ ಎತ್ತಿ, ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿದ. ಹೊರಗೆ ಕಾಣುತ್ತಿದ್ದುದು ಅವನ ಕಾಲು ಮಾತ್ರ. ಒಳಗಿನಿಂದ ಮಾತು ಮಾತ್ರ ನಿಲ್ಲದೆ ಬರುತ್ತಿತ್ತು. ಹೊರದೇಶದವರೊಬ್ಬರ ಜೀಪು ಇವನ ಕೈಗುಣದಿಂದಲೇ ಹಂಪಿ ದಾಟಿತಂತೆ, ಹೊಸಪೇಟೆಯ ಮೆಕ್ಯಾನಿಕ್ಕುಗಳಿಗೆ ಪಾನಾ ಹಿಡಿಯಲು ಇವನೇ ಕಲಿಸಿದನಂತೆ. ಕೆಲಸ ಮುಗಿಸಿ ಹೊರಬಂದು, ಕಾರು ಇಳಿಸಿ, ಹಿಂದಿನಿಂದ ಒಮ್ಮೆ ಅದುಮಿದ. ಖಣ್ ಎಂದಿತು. ರಾಡು ಹೋಗಿ ಹೊಗೆ ಬಿಡುವ ಕೊಳವೆಗೆ ಹೊಡೆದಿತ್ತು.

"ಅಣ್ಣಾ, ಉಲ್ಟಾ ಹಾಕೀರೇನು?" ಎಂದಳು ಶೈಲಾ. "ನಾ ಸೀದಾನೇ ಹಾಕೀನ್ರಿ ಮೇಡಂ. ಕಂಪನಿಯವ್ರು ಉಲ್ಟಾ ಮಾಡಿ ಕಳ್ಸ್ಯಾರ" ಎಂದ ಹುಲುಗಪ್ಪ. ಆದರೂ ಬಿಚ್ಚಿದ. ರಾಡನ್ನೂ, ಅದನ್ನು ಹಿಡಿದುಕೊಳ್ಳುವ ರಬ್ಬರಿನ ಬುಷ್ಷುಗಳನ್ನೂ ಗೋಣಿಯ ಮೇಲೆ ಇಟ್ಟು, ಬುಷ್ಷುಗಳ ಒಳಗೆ ಹೊಸದಾಗಿ ಗ್ರೀಸು ಹಚ್ಚಿಟ್ಟ. ಆಮೇಲೆ ಶೈಲಾಳ ಫೋನಿನಲ್ಲಿ ಯಾರೋ ಇದೇ ರಾಡು ಹಾಕುವ ವಿಡಿಯೊವನ್ನು ಇಬ್ಬರೂ ತಲೆ ಕೂಡಿಸಿ ನೋಡತೊಡಗಿದರು. ಬೆನ್ನು ನನ್ನ ಕಡೆಗಿತ್ತು.

ಇಲ್ಲಿ ನಮ್ಮ ಮನೆತನದ ಪದ್ಧತಿಯೊಂದನ್ನು ಹೇಳಬೇಕು. ನಮ್ಮಲ್ಲಿ ಹೊಸ ಕಬ್ಬಿಣ ವಿಭೂತಿ ಇಲ್ಲದೆ ಕೆಲಸಕ್ಕೆ ಇಳಿಯುವುದಿಲ್ಲ. ಮಿಲ್ಲಿಗೆ ಹೊಸ ಮೋಟರು ಬಂದರೆ ಮೊದಲು ವಿಭೂತಿ, ಆಮೇಲೆ ಕರೆಂಟು. ಮನೆಗೆ ಕುಕ್ಕರು ಬಂದರೂ ಅಷ್ಟೆ. ನನ್ನ ಚೀಲದಲ್ಲಿ ವಿಭೂತಿ ಗಟ್ಟಿ ಇಲ್ಲದೆ ನಾನು ಹೊಸ್ತಿಲು ದಾಟುವುದಿಲ್ಲ. ಅದರಲ್ಲೂ ಈ ರಾಡಿನ ಮೇಲೆ ಒಬ್ಬ ಮನುಷ್ಯನ ಕೈ ನಿಂತಿದೆ. ಟೈರಿನಿಂದ ಎದ್ದು, ಮೆಲ್ಲಗೆ ಕೂತು, ರಾಡಿಗೆ ಮೂರು ಗೆರೆ ಎಳೆದೆ. ಬರೀ ಕಬ್ಬಿಣದ ಮೇಲೆ ವಿಭೂತಿ ನಿಲ್ಲಲಿಲ್ಲ, ಉದುರಿತು. ಪಕ್ಕದಲ್ಲೇ ಗ್ರೀಸು ಹಚ್ಚಿದ ಬುಷ್ಷು. ನೀವು ನಂಬಲಿಕ್ಕಿಲ್ಲ, ಗ್ರೀಸಿನ ಮೇಲೆ ವಿಭೂತಿ ಕೂತಷ್ಟು ಚೆಂದವಾಗಿ ನನ್ನ ಹಣೆಯ ಮೇಲೂ ಎಂದೂ ಕೂತಿಲ್ಲ. ನನಗೆ ಹುರುಪು ಬಂತು. ಗಟ್ಟಿಯನ್ನು ಒಳಗೆ ಹಾಕಿ ತಿಕ್ಕಿದೆ, ಪುಡಿ ಉದುರಿದ್ದನ್ನೂ ಬೆರಳಿನಿಂದ ಒತ್ತಿದೆ, ಮನಸ್ಸಿನಲ್ಲಿ ಹೇಳಬೇಕಾದ್ದನ್ನು ಹೇಳಿಕೊಂಡೆ. ಇನ್ನೊಂದು ಬುಷ್ಷಿಗೆ ಕೈ ಹಾಕುವಷ್ಟರಲ್ಲಿ ಹುಲುಗಪ್ಪ, "ಆತು ಬಿಡ್ರಿ, ಹಿಂಗೂ ಬರತೈತಿ ನಂಗೊತ್ತಿತ್ತು" ಎನ್ನುತ್ತಾ ತಿರುಗಿದ. ನಾನು ಟೈರಿನ ಮೇಲೆ ಕೂತು ಆಕಾಶ ನೋಡಿದೆ.

ಈ ಸಲ ರಾಡು ಸರಿಯಾಗಿ ಕೂತಿತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು ಹೊರಟೆವು. ಗುಡ್ಡದ ತಿರುವು ಬಂದಾಗ ನಾನು ಅಭ್ಯಾಸದಂತೆ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದೆ. ಕಾರು ಓಲಲಿಲ್ಲ. ಓಲಲೇ ಇಲ್ಲ ಎಂದರೆ ಸುಳ್ಳಾಗುತ್ತದೆ, ಚೂರು ಓಲಿತು, ಎದ್ದು ನಿಂತಿತು. ಶೈಲಾ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು. ಆ ನಗು ಮುಗಿಯುವುದರೊಳಗೆ ಶುರುವಾಯಿತು: ಕಿರ್ರ್. ತಿರುವಿನಲ್ಲಿ ಕಿರ್ರ್, ತೆಗ್ಗಿನಲ್ಲಿ ಕಿರ್ರ್ ಕಿರ್ರ್. ಮನೆಯ ಮುಂದಿನ ಗಟಾರದ ಕಲ್ಲು ಹತ್ತುವಾಗ ಅಂತೂ ಹಂದಿ ಕೊಯ್ದಂತೆ ಕೂಗಿತು. "ಹೊಸಾದು ಅಲ್ಲೇನವ್ವ, ಹೊಂದಿಕೊಳ್ಳತೈತಿ ಬಿಡು" ಎಂದೆ. ಒಳಗೊಳಗೆ ನನ್ನ ಎದೆ ಆ ಬುಷ್ಷಿಗಿಂತ ಹೆಚ್ಚು ಒಣಗಿತ್ತು.

ಮುಂಬಾಗಿಲಿನ ಕೋಣೆಯಲ್ಲಿ ಮಲಗಿದ್ದ ನಮ್ಮವರು ಫ್ಯಾನು ನೋಡುವುದನ್ನು ಬಿಟ್ಟಿದ್ದರು. ಬಾಗಿಲ ಕಡೆ ನೋಡುತ್ತಿದ್ದರು. "ಯಾವ್ದದು, ಒಣಾ ಓಡಾಕತ್ತೈತಿ?" ಎಂದರು. ಮಿಲ್ಲು ನಡೆಸುತ್ತಿದ್ದ ಕಾಲದಲ್ಲಿ ಈ ಮನುಷ್ಯ ಸಿಡಿಲು ಬಡಿದರೂ ಏಳುತ್ತಿರಲಿಲ್ಲ, ಮಕ್ಕಳು ಅತ್ತರೂ ಏಳುತ್ತಿರಲಿಲ್ಲ. ಮಿಲ್ಲಿನಲ್ಲಿ ಒಂದು ಬೇರಿಂಗು ಒಣಗಿ ಸಣ್ಣಗೆ ಕೀರಲು ಶುರುವಾದರೆ ಊಟದ ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಓಡುತ್ತಿದ್ದರು. ನನ್ನ ಹೆರಿಗೆ ನೋವು ಕಾಣಿಸಿಕೊಂಡಾಗಲೂ ಪಕ್ಕದ ಮನೆಯವರೇ ಬಂದು, "ಸಾವ್ಕಾರ್ರ, ಒಳಗ ಕೂಗಾಕತ್ತಾರ್ರಿ" ಎಂದು ಹೇಳಬೇಕಾಯಿತು. ನಾನು ಬೇರಿಂಗಿನಂತೆ ಕೀರಿದ್ದರೆ ತಾವಾಗಿಯೇ ಬರುತ್ತಿದ್ದರೇನೋ.

ಶೈಲಾ ಒಳಗೆ ಬಂದು, "ತಾತ, ಅದು ಹಂಗ ಬರತೈತಂತ. ಮೆಕ್ಯಾನಿಕ್ ಫೋನಿನ್ಯಾಗ ಹೇಳಿದ, ಈ ರಾಡಿನ ಗುಣಾನೇ ಅದು ಅಂತ" ಎಂದಳು. "ಅವನ ತಲಿ" ಎಂದರು ಇವರು. ಬಾಗಿಲ ಕಡೆ ಕಿವಿ ಹೊರಳಿಸಿ, "ಹಿಂದಕ್ಕ ಮುಂದಕ್ಕ ಹೊಡಿ, ಕೇಳ್ತೀನಿ" ಎಂದರು. ಶೈಲಾ ಹೋಗಿ ಕಾರನ್ನು ಕಲ್ಲಿನ ಮೇಲೆ ಹತ್ತಿಸಿದಳು, ಇಳಿಸಿದಳು. ಓಣಿಯ ನಾಯಿಗಳೆಲ್ಲ ಎದ್ದವು. ಇವರಿಗೆ ಸಮಾಧಾನವಿಲ್ಲ. "ಇಲ್ಲಿಂದ ಬರೋಬ್ಬರಿ ಕೇಳಂಗಿಲ್ಲ. ಬಲಕ್ಕೈತೋ ಎಡಕ್ಕೈತೋ ತಿಳಿಯಂಗಿಲ್ಲ. ಒಳಗ ಕುಂತ ಕೇಳ್ಬೇಕು" ಎಂದರು.  ನಾನು ಏನಾದರೂ ಅಂದರೆ ಎಲ್ಲಿ ಮತ್ತೆ ಫ್ಯಾನಿನ ಕಡೆ ತಿರುಗುತ್ತಾರೋ! ಬಾಯಿಗೆ ಬಂದದ್ದನ್ನು ಹೇಳಿದೆ: "ನೀವ್ಯಾಕ್ರಿ ಸುಮ್ನ? ಹುಲುಗಪ್ಪಗ ಗೊತ್ತಿರ್ತೈತಿ, ಅಂವ ಭಾಳ ಶಾಣ್ಯಾ." ಅಷ್ಟು ಸಾಕಾಯಿತು. "ಎಬ್ಬಿಸ್ರಿ ನನ್ನ!" ಎಂದರು.

ಮರುದಿನ ಬೆಳಿಗ್ಗೆ ಹುಲುಗಪ್ಪನ ಷೆಡ್ಡಿಗೆ ಹೊರಟೆವು. ಎತ್ತಿ, ಕಾಲು ಮಡಚಿ, ಒಳಗೆ ಸೇರಿಸುವ ತ್ರಾಸು ಏನೂ ಕಡಿಮೆಯಾಗಿರಲಿಲ್ಲ. ಆದರೆ ಈಗ ಅವರು ರೋಗಿಯಾಗಿ ಹೋಗುತ್ತಿರಲಿಲ್ಲ, ಮಿಲ್ಲಿನ ಸಾಹುಕಾರರಾಗಿ ಹೋಗುತ್ತಿದ್ದರು. ಬಲಗೈಯಿಂದ ಬಾಗಿಲ ಮೇಲಿನ ಹಿಡಿಕೆ ಹಿಡಿದು, ತಲೆ ಬಗ್ಗಿಸಿ, ಕಿವಿಗೊಟ್ಟು ಕೂತರು. ತಿರುವು ಬಂತು. ಕಾರು ಚೂರು ಓಲಿತು, ಅವರ ಭುಜ ನನ್ನ ಭುಜಕ್ಕೆ ತಾಗಿತು, ಹಿಂದಕ್ಕೆ ಹೋಯಿತು. ಬೀಳಲಿಲ್ಲ. ನಾನು ಏನೂ ಆಗಿಲ್ಲವೆಂಬಂತೆ ಕಿಟಕಿ ನೋಡಿದೆ. ಆ ಚಹಾ ಅಂಗಡಿ ಬಂದಾಗ ಅವರ ಕತ್ತು ಒಂದು ಕ್ಷಣ ಬಿಗಿಯಿತು. ಶೈಲಾ ಜಾಣೆ, "ತಾತ, ಈಗ ಬಂತಲ್ಲ ಸೌಂಡು, ಯಾವ ಕಡೆ?" ಎಂದಳು. "ಸುಮ್ನ ಹೊಡಿಯಲೇ, ಮಾತಾಡಿದ್ರ ಹೆಂಗ ಕೇಳ್ಬೇಕು?" ಎಂದು ಬೈದರು. ಅಂಗಡಿ ದಾಟಿತು. ಕಡ್ಡಿರಾಂಪುರ ಮುಟ್ಟುವ ಹೊತ್ತಿಗೆ ತೀರ್ಪು ಬಂತು: "ಎಡಗಡಿ ಬುಷ್. ಒಳಗ ಏನೋ ಸೇರೈತಿ. ಬಲಗಡಿದು ಶುದ್ಧ ಐತಿ."

ಹುಲುಗಪ್ಪ ಮೊದಲು ಒಪ್ಪಲಿಲ್ಲ. "ಅಜ್ಜಾರ, ನಾ ಹಾಕಿದ ಮ್ಯಾಲೆ ಒಳಗ ಗಾಳಿ ಸೈತ ಹೋಗಂಗಿಲ್ಲ" ಎಂದ. ಇವರು ಕಾರಿನ ಬಾಗಿಲು ತೆಗೆಸಿ, ಸೀಟಿನಲ್ಲೇ ಕೂತು, "ಬಿಚ್ಚು" ಎಂದರು. ಆ ದನಿ ನಾನು ಕೇಳಿ ತಿಂಗಳುಗಳಾಗಿದ್ದವು. ಹುಲುಗಪ್ಪ ಬಿಚ್ಚಿದ. ಬುಷ್ಷಿನ ಒಳಗೆ ಗ್ರೀಸು ಇರಲಿಲ್ಲ, ಬೂದುಬಣ್ಣದ ಗಟ್ಟಿ ಗಾರೆ ಇತ್ತು. "ಯಾರ್ರಿ ಸಿಮೆಂಟ್ ಹಾಕಿದ್ದು! ಫ್ಯಾಕ್ಟರಿ ಮಾಲೇ ಹಿಂಗ ಬರ್ತಾವ ಈಗೀಗ" ಎಂದ. "ಇಲ್ಲಿ ತಾ" ಎಂದು ನಮ್ಮವರು ಬಲಗೈ ಚಾಚಿದರು. ಚೂರು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದರು. ಮೂಸಿದರು. ಬಿಸಿಲಿಗೆ ಹಿಡಿದರು. ಆಮೇಲೆ ತಲೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿ ನನ್ನ ಹಣೆ ನೋಡಿದರು. ಶೈಲಾ ನೋಡಿದಳು. ಹುಲುಗಪ್ಪ ನೋಡಿದ. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ, ಆದರೆ ಮೂರು ಗೆರೆ ಮುಚ್ಚುವಷ್ಟು ಸೆರಗು ಬರಲಿಲ್ಲ.

"ಲೇ ಇಕೀ, ಹಣಿಗೆ ಹಚ್ಚೂದ ಹಣಿಗೆ ಹಚ್ಚಬೇಕಲೇ, ಗ್ರೀಸಿಗೆ ಹಚ್ಚಬಾರ್ದು! ಇಷ್ಟ ವರ್ಷ ಮಿಲ್ಲಿನ ಅನ್ನ ಉಂಡಿ, ಅಷ್ಟೂ ತಿಳಿಲಿಲ್ಲೇನು ನಿನಗ?" ಎಂದರು. ಲಕ್ವಾ ಹೊಡೆದ ಮೇಲೆ ಇಷ್ಟುದ್ದದ ಮಾತು ಇದೇ ಮೊದಲು. ಅರ್ಧ ಮಾತು ಜೊಲ್ಲಿನ ಜತೆ ಬಂತು, ಅದನ್ನು ಒರೆಸಿಕೊಳ್ಳುವುದನ್ನೂ ಮರೆತು ಬೈದರು. ನಾನು ಬಿಟ್ಟೇನೆಯೇ? "ನಾ ಹಚ್ಚಿದ್ದಕ್ಕ ನೀವು ಇಲ್ಲೀತನ ಬಂದ್ರಿ. ದೇವ್ರು ಯಾವ ಕಡಿಂದ ಕೆಲಸ ಮಾಡ್ತಾನ ಯಾರಿಗ್ಗೊತ್ತು?" ಎಂದೆ. ಹುಲುಗಪ್ಪ ಬುಷ್ಷು ತೊಳೆಯುತ್ತಾ, "ನಾ ಅವಾಗ್ಲೇ ಅಂದೆ, ನನ್ನ ಕೆಲಸದಾಗ ತಪ್ಪಿರಂಗಿಲ್ಲ ಅಂತ" ಎಂದ. 

ಸದ್ದು ಹೋಯಿತು. ಬರುವಾಗ ಶೈಲಾ ಕೇಳದೆಯೇ ಡಾಕ್ಟರಮ್ಮನ ಬೀದಿಗೆ ಕಾರು ತಿರುಗಿಸಿದಳು. ಇವರಿಗೆ ಗೊತ್ತಾಯಿತು. ಒಂದು ಮಾತು ಅಂದರು, ಅದನ್ನು ಬರೆಯುವಂತಿಲ್ಲ. ಆದರೆ ಇಳಿದರು. ಒಳಗೆ ಡಾಕ್ಟರಮ್ಮ ಟವಲು ಸರಿಸಿ ಆ ಕೈ ನೋಡಿದಾಗ ಅವಳ ಮುಖವನ್ನು ನೋಡಲು ನನಗೆ ಧೈರ್ಯವಾಗಲಿಲ್ಲ, ಗೋಡೆಯ ಮೇಲಿದ್ದ ಎಲುಬಿನ ಚಿತ್ರ ನೋಡಿದೆ. ಬಿಸಿನೀರಿನಲ್ಲಿ ಅದ್ದಿ, ಒಂದೊಂದೇ ಬೆರಳನ್ನು ಬಿಡಿಸುವಾಗ ಅವರು ಕೂಗಿದರು. ಮಿಲ್ಲಿನಲ್ಲಿ ಚೀಲ ಕಾಲ ಮೇಲೆ ಬಿದ್ದಾಗಲೂ ಕೂಗದವರು ಕೂಗಿದರು. ಅಂಗೈಯಲ್ಲಿ ಉಗುರು ಚುಚ್ಚಿ ಗಾಯವಾಗಿತ್ತು. "ಇನ್ನ ಸ್ವಲ್ಪ ದಿನ ಬಿಟ್ಟಿದ್ರ ನನ್ನ ಕೈಲೆ ಆಗ್ತಿರಲಿಲ್ಲಮ್ಮ" ಎಂದಳು. ಈಗ ಆಗುತ್ತದೆಯೇ ಎಂದು ನಾನು ಕೇಳಲಿಲ್ಲ. ಅವಳೇ, "ನೋಡೋಣು" ಎಂದಳು. ಆ ದಿನದಿಂದ ಒಂದು ಸಲವೂ ತಪ್ಪಿಸಿಲ್ಲ. ತೋರುಬೆರಳು ಚೂರು ಅಲ್ಲಾಡಿತು ಎಂದು ಮೊನ್ನೆ ಡಾಕ್ಟರಮ್ಮ ತೋರಿಸಿದಳು. ನನಗೆ ಕಾಣಲಿಲ್ಲ. ಕಂಡಿತು ಎಂದೆ.

ಇನ್ನು ರಾಡಿನ ವಿಷಯ. ಇದನ್ನು ಹಾಕುವ ಮೊದಲು ಯಾರೂ ಹೇಳದ ಸಂಗತಿಯೊಂದಿದೆ. ಮೊದಲು ಒಂದು ಗಾಲಿ ತೆಗ್ಗಿಗೆ ಬಿದ್ದರೆ ಆ ಗಾಲಿಗಷ್ಟೇ ಪೆಟ್ಟು. ಈಗ ಎರಡನ್ನೂ ಕೂಡಿಸಿದ್ದರಿಂದ ಒಂದು ಬಿದ್ದರೂ ಎರಡೂ ಕಡೆ ಧಡ್ ಎನ್ನುತ್ತದೆ. ಇದನ್ನು ಓದಿ ನೀವು ಗಂಡ ಹೆಂಡತಿ, ಸಂಸಾರ ಎಂದು ಏನೇನೋ ಅರ್ಥ ಹಚ್ಚಬೇಡಿ. ಪೆಟ್ಟು ಬೀಳುತ್ತಿರುವುದು ನನ್ನ ಸೊಂಟಕ್ಕೆ. ಅದಿರು ಲಾರಿಗಳು ಓಡಾಡಿದ ರಸ್ತೆಯಲ್ಲಿ ತೆಗ್ಗುಗಳಿಗೇನು ಬರ? ನಮ್ಮವರು ಬಲಗಡೆ ಸೆಟೆದು ಕೂತು, ಹಿಡಿಕೆ ಹಿಡಿದು, ಸದ್ದೇನಾದರೂ ಬರುತ್ತದೆಯೇ ಎಂದು ಕಿವಿಗೊಟ್ಟು ಹೋಗುತ್ತಾರೆ. ನಾನು ಎಡಗಡೆ ಪ್ರತಿ ತೆಗ್ಗಿಗೂ ಒಂದೊಂದು ಎಲುಬನ್ನು ಒಪ್ಪಿಸುತ್ತಾ ಹೋಗುತ್ತೇನೆ. ಮನೆಗೆ ಬಂದರೆ ಕೂರಲಾಗುವುದಿಲ್ಲ, ಕೂತರೆ ಏಳಲಾಗುವುದಿಲ್ಲ. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ನರಳುತ್ತೇನೆ.

ನಿನ್ನೆ ಸಂಜೆ ಊಟಕ್ಕೆ ಮೊದಲು ನಾನು ಗೋಡೆ ಹಿಡಿದು ನಡೆಯುವುದನ್ನು ಶೈಲಾ ನೋಡಿಬಿಟ್ಟಳು. "ಅಜ್ಜಿ, ಗಾಡ್ಯಾಗ ನಿನಗ ತ್ರಾಸ ಆಗಾಕತ್ತೈತೇ? ಖರೇ ಹೇಳು. ಆದ್ರ ಆ ರಾಡ್ ಬಿಚ್ಚಿಸಿಬಿಡೋಣ" ಎಂದಳು. ಮಂಚದ ಮೇಲೆ ಕೂತಿದ್ದ ನಮ್ಮವರು ನನ್ನ ಕಡೆ ನೋಡಿದರು. ಮಡಿಲಲ್ಲಿ ಆ ಕೈ ಇತ್ತು, ಅರ್ಧ ತೆರೆದ ಮುಷ್ಟಿ, ಮೇಲೆ ಟವಲಿರಲಿಲ್ಲ. "ತ್ರಾಸ ಯಾತರದವ್ವ? ತೊಟ್ಟಿಲದಾಗ ಕುಂತಂಗ ಐತಿ" ಎಂದೆ. ಶೈಲಾಳ ಮುಖ ಅರಳಿತು. "ಹೌದಾ? ಹಂಗಾದ್ರ ಈಗಿಂದು ತಗದು ಇದಕ್ಕಿಂತ ದಪ್ಪಂದು ಹಾಕ್ಸೋಣ. ಒಂಚೂರೂ ವಾಲಂಗಿಲ್ಲಂತ!" ಎಂದಳು. ನಾನು ಬಾಯಿ ತೆರೆಯುವುದರೊಳಗೆ ನಮ್ಮವರು, "ಹಾಕ್ಸು. ನಿಮ್ಮಜ್ಜಿಗೂ ಭಾಳ ಸೇರೈತಿ" ಎಂದರು. ಹಾಗೆನ್ನುವಾಗ ನಕ್ಕರೋ ಇಲ್ಲವೋ ಹೇಳಲಾರೆ. ಲಕ್ವಾ ಹೊಡೆದ ಮೇಲೆ ಅವರ ಬಾಯಿ ಒಂದು ಕಡೆ ಸೊಟ್ಟಗೇ ಇರುತ್ತದೆ, ನಗುವನ್ನು ಅಲ್ಲಿ ಎಲ್ಲಿ ಬೇಕಾದರೂ ಬಚ್ಚಿಡಬಹುದು. ದಪ್ಪ ರಾಡು ಬರುವ ವಾರ ಬರುತ್ತದಂತೆ. ಇದನ್ನೆಲ್ಲ ನಾನು ನಿಂತುಕೊಂಡೇ ಟೈಪು ಮಾಡಿದ್ದೇನೆ.